ಬಿಡುವಿನಲ್ಲೂ ಕುಡಿದ ಕಷಾಯ

ಮತ್ತಿಗಿರಿಯಲ್ಲಿ ನಮಗೆ ಹಾಲು ಕೊಡುತ್ತಿದ್ದವನಿಗೆ ದನದ ಉಣ್ಣೆಹುಳು ಕಚ್ಚಿ ಬಂದ ಜ್ವರ ವರ್ಷಗಟ್ಟಲೆ ಮರುಕಳಿಸುತ್ತಿತ್ತು. ಡೆಂಕಣಿಕೋಟೆಯ ನಾಟಿವೈದ್ಯರು ಬೇರಿನ ಕಷಾಯ ಕೊಟ್ಟು, ನಡುನಡುವೆ ಅದನ್ನು ನಿಲ್ಲಿಸಿ ದೇಹಕ್ಕೆ ಬಿಡುವು ಕೊಡಬೇಕೆಂದಿದ್ದರು. ನಿಲ್ಲಿಸಿದರೆ ಜ್ವರ ಬಂದು ಕೈ ನಡುಗುತ್ತದೆ, ಹಾಲು ಕರೆಯಲಾಗುವುದಿಲ್ಲ ಎಂಬ ಭಯ ಅವನಿಗೆ. ಕದ್ದು ಕುಡಿಯುವುದನ್ನು ನಾನು ಕಂಡಾಗಲೆಲ್ಲ, "ಇದೊಂದೇ ಗುಟುಕು ಕಣ್ಲಾ," ಎನ್ನುತ್ತಿದ್ದ.

ಒಮ್ಮೆ ಕೊಟ್ಟಿಗೆಯ ಹಿಂದೆ ಹೆಂಡತಿಗೆ ಸಿಕ್ಕಿಬಿದ್ದ.

"ಹೆಂಡ ಕುಡಿಯೋರಂಗೆ ಬಚ್ಚಿಟ್ಕಂಡು ಕುಡೀತೀಯಲ್ಲ, ನಾಚ್ಕೆ ಆಗಕಿಲ್ವಾ?" ಹಾಲಿಗೆ ಬಂದಿದ್ದ ನಮ್ಮೆಲ್ಲರ ಎದುರು ಅವಳು ಕೂಗಿದಳು. ಕೆಲವರು ನಕ್ಕರು. ನಾನೂ ನಕ್ಕೆನೋ ಏನೋ, ನನ್ನ ನೆನಪನ್ನು ನಂಬಲಾರೆ.

ಅವನು ಲೋಟವನ್ನು ಮಣ್ಣಿಗೆ ಬಗ್ಗಿಸಿ, ಎರಡೂ ಕೈಗಳನ್ನು ನನ್ನೆದುರು ಚಾಚಿದ. "ನೋಡ್ಲಾ, ನಡುಗ್ತಾವಾ?"

ನಾನು ಉತ್ತರಿಸುವ ಮೊದಲೇ ಅವುಗಳನ್ನು ಕಂಕುಳಲ್ಲಿ ಅವಿಸಿಕೊಂಡ.