ಒಂದು ಇಂಚು, ನಾಲ್ಕು ಸೂತ

ನಾನು ನಿಂತಿದ್ದು ಬೆಟಗೇರಿಯಲ್ಲಿ, ಉಸ್ತಾದರ ಗ್ಯಾರೇಜಿನ ಒಳಗೆ, ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರ, ಕೆಲಸದ ಮೇಜಿನ ಎಡಕ್ಕೆ. ಗದಗ ಹೊಸ ಜಿಲ್ಲೆಯಾದ ಮರುವರ್ಷದ ಬೇಸಿಗೆ. ಶುಕ್ರವಾರ, ಹೊತ್ತು ಹನ್ನೆರಡು ದಾಟಿತ್ತು. ಉಸ್ತಾದರು ನಮಾಜಿಗೆ ಹೊರಡಲು ಕೈ ತೊಳೆದಿದ್ದರು. ಪಕ್ಕದ ಲೇತ್ ಅಂಗಡಿ ನನ್ನದು. ಅವರು ಕರೆಸಿದ್ದರಿಂದ ಅಳತೆ ನೋಡುವ ವರ್ನಿಯರ್ ಹಿಡಿದುಕೊಂಡು ಹೋಗಿದ್ದೆ.

ಮೇಜಿನ ಮೇಲೆ ಇದ್ದದ್ದು ಲಕ್ಷ್ಮೇಶ್ವರದ ಎಣ್ಣೆ ಗಿರಣಿ ಸಾಹುಕಾರರ ಹಳೆಯ ಇಂಗ್ಲಿಷ್ ಕಾರಿನ ಕಾರ್ಬುರೇಟರ್. ಹದಿನೈದು ದಿನದ ಹಿಂದೆ ಉಸ್ತಾದರು ಅದನ್ನು ಬಿಚ್ಚಿ, ತೊಳೆದು, ಕೂಡಿಸಿ ಕೊಟ್ಟಿದ್ದರು. ಈಗ ಕಾರು ಏರಿನಲ್ಲಿ ಎಳೆಯುತ್ತಿಲ್ಲ ಎಂದು ಸಾಹುಕಾರರು ತಿರುಗಿ ಬಂದಿದ್ದರು. ಜೊತೆಗೆ ಅಳಿಯ. ಎಂಜಿನಿಯರಿಂಗ್ ಓದಿದವನು, ಕೈಯಲ್ಲಿ ಎರಡು ಪುಸ್ತಕ.

ಆ ಕಾರಿನ ಪುಸ್ತಕದಲ್ಲಿ ಕಾರ್ಬುರೇಟರಿನ ಗುರುತು ‘ಎಚ್‌ಎಸ್ ೪’ ಎಂದಿತ್ತು. ಇನ್ನೊಂದು ಪುಸ್ತಕ ನಂತರದ ಕಾಲದ ಕಾರಿನದು. ಅದರಲ್ಲಿ ಗುರುತಿನ ಅಂಕಿ ೪೪, ಕಾರ್ಬುರೇಟರಿನ ಬಾಯಿಯ ಅಗಲವೂ ನಲವತ್ನಾಲ್ಕು ಮಿಲಿಮೀಟರ್. ಅದು ನಿಜ. ಹಾಗಾದರೆ ೪ ಎಂದರೆ ನಲವತ್ತು ಎಂದು ಅಳಿಯ ತೀರ್ಮಾನಿಸಿಬಿಟ್ಟಿದ್ದ.

ಉಸ್ತಾದರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಇಂಥ ಕಾರ್ಬುರೇಟರುಗಳನ್ನು ಮೂವತ್ತು ವರ್ಷ ಬಿಚ್ಚಿದ್ದರು. ನಮ್ಮಲ್ಲಿ ಬಡಿಗರು, ಗೌಂಡಿಗಳು, ಲೇತಿನವರು ಇಂಚನ್ನು ಎಂಟು ಪಾಲು ಮಾಡಿ ಒಂದು ಪಾಲಿಗೆ ಸೂತ ಅನ್ನುತ್ತೇವೆ.

“ಹಳೇದರಾಗ ಅಂಕಿ ಅಂದ್ರ ಸೂತರೀ, ಸಾಹುಕಾರ್ರ,” ಅಂದರು. “ಒಂದು ಇಂಚು ಇದ್ದ ಇರತೈತಿ. ಅದರ ಮ್ಯಾಲ ಎಷ್ಟು ಸೂತ ಅಂತ ಅಂಕಿ ಹೇಳತೈತಿ. ಎರಡಕ್ಕ ಒಂದೂಕಾಲು, ನಾಕಕ್ಕ ಒಂದೂವರಿ, ಆರಕ್ಕ ಒಂದೂಮುಕ್ಕಾಲು.”

ಅಳಿಯ ನಕ್ಕ. “ಇಂಗ್ಲೆಂಡಿನವರು ನಮ್ಮ ಬಡಿಗ್ಯಾರ್ನ ಕೇಳಿ ಕಾರು ಮಾಡಿದ್ರೇನ್ರೀ, ಮಾವಾರ?”

ಉಸ್ತಾದರು ನನಗೆ ಅಳೆಯಲು ಹೇಳಿದರು. ಅಳತೆ ನೋಡಿದರೆ ಮಾತು ಮುಗಿಯುತ್ತದೆ ಎಂದು ನಂಬಿದ್ದರು. ನಾನೂ ನಂಬಿದ್ದೆ. ಎಂಜಿನ್ ಕಡೆಯ ಬಾಯಿಗೆ ವರ್ನಿಯರ್ ಇಟ್ಟೆ, ಅಡ್ಡ ತಿರುಗಿಸಿ ಮತ್ತೊಮ್ಮೆ ಇಟ್ಟೆ. ಮೂವತ್ತೆಂಟು ಮಿಲಿಮೀಟರ್, ಕೂದಲೆಳೆಯಷ್ಟು ಹೆಚ್ಚು. ಒಂದೂವರೆ ಇಂಚು ಎಂದರೆ ಅಷ್ಟೇ. ಗಟ್ಟಿಯಾಗಿ ಓದಿ ಹೇಳಿದೆ.

“ಕೇಳಿದ್ರಲ್ಲ?” ಅಂದ ಅಳಿಯ. “ನಲವತ್ತು ಇರಬೇಕಾಗಿತ್ತು. ದೊಡ್ಡದು ತಗದು ಸಣ್ಣದು ಕುಂಡ್ರಿಸ್ಯಾನ.”

ನಾನು ಹಿಡಿದ ಅಳತೆಯೇ ಅವರಿಗೆ ಸಾಕ್ಷಿಯಾಯಿತು. ಅದು ಒಂದೂವರೆ ಇಂಚಿಗೆ ಸರಿಯಾಗಿ ಕೂಡುತ್ತದೆ ಎಂದು ಎರಡು ಸಲ ಹೇಳಿದೆ. ಯಾರೂ ಕಿವಿಗೊಡಲಿಲ್ಲ. ಆ ದೊಡ್ಡದನ್ನು ಹುಡುಕಲು ಸಾಹುಕಾರರು ಕಪಾಟು ತೆಗೆಸಿದರು. ಡಬ್ಬಿಗಳನ್ನೆಲ್ಲ ರಸ್ತೆಗೆ ತಂದು ಸುರಿಯಲು ಹೇಳಿದರು. ಅರವತ್ತು ದಾಟಿದ ಉಸ್ತಾದರು, ತೊಳೆದ ಕೈಯಲ್ಲಿ, ಗ್ರೀಸು ಹತ್ತಿದ ಡಬ್ಬಿಗಳನ್ನು ಒಂದೊಂದಾಗಿ ಬರಿದು ಮಾಡಿದರು. ಮಸೀದಿಗೆ ಹೊರಟವರು ನಿಂತು ನೋಡಿದರು. ಇಲ್ಲದ ವಸ್ತು ಎಲ್ಲಿಂದ ಸಿಗಬೇಕು? ಮಾರಿಕೊಂಡಿದ್ದಾನೆ ಎಂದರು ಸಾಹುಕಾರರು. ಕಳ್ಳ ಎಂದೂ ಅಂದರು, ನಿಂತವರಿಗೆಲ್ಲ ಕೇಳುವಂತೆ.

ಉಸ್ತಾದರು ಆ ಶುಕ್ರವಾರ ನಮಾಜಿಗೆ ಹೋಗಲಿಲ್ಲ. ಲಕ್ಷ್ಮೇಶ್ವರ, ಶಿಗ್ಲಿ ಕಡೆಯ ಗಾಡಿಗಳು ಬರುವುದು ನಿಂತಿತು. ಮಳೆಗಾಲ ಮುಗಿಯುವುದರೊಳಗೆ ಗ್ಯಾರೇಜು ಮುಚ್ಚಿತು.

ಸಾಹುಕಾರರು ಅದೇ ಕಾರನ್ನು ಮುಂಡರಗಿಗೆ ಒಯ್ದಿದ್ದರು. ಅಲ್ಲಿಯ ಮೇಸ್ತ್ರಿ ಸೈಲೆನ್ಸರ್ ಬಿಚ್ಚಿ, ಕಟ್ಟಿಕೊಂಡಿದ್ದ ಮಸಿ ತೆಗೆದ. ಕಾರು ಅದೇ ಕಾರ್ಬುರೇಟರಿನಲ್ಲಿ ಏರು ಹತ್ತಿತು. ಇದನ್ನು ಆ ಮೇಸ್ತ್ರಿಯೇ ನನಗೆ ಹೇಳಿದ. ನಾನು ಲಕ್ಷ್ಮೇಶ್ವರಕ್ಕೆ ಹೋಗಿ, ರಸ್ತೆಯಲ್ಲಿ ಆಡಿದ ಮಾತನ್ನು ರಸ್ತೆಯಲ್ಲೇ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಸಾಹುಕಾರರನ್ನು ಕೇಳಿದೆ.

“ಆಗಿದ್ದು ಆತು, ಬಿಡಪಾ,” ಅಂದರು. “ಚಾ ಕುಡೀತೀ?”

ನಾನು ಕುಡಿಯಲಿಲ್ಲ. ತಪ್ಪು ಓದುವುದು ಯಾರಿಗೂ ಆಗುತ್ತದೆ. ಅದನ್ನು ನಾನು ಎಂದೋ ಬಿಟ್ಟಿದ್ದೇನೆ. ಸರಿ ಯಾವುದೆಂದು ತಿಳಿದ ಮೇಲೂ ಅವರು ಒಂದು ದಿನವೂ ಬೆಟಗೇರಿಗೆ ಬರಲಿಲ್ಲ. ಇದನ್ನು ಬಿಡುವುದಿಲ್ಲ.

ಈಚೆಗೆ ಉಸ್ತಾದರ ಮಣ್ಣಿಗೆ ಹೋಗಿದ್ದೆ. ಒಬ್ಬ ಅವರ ಕೆಲಸವನ್ನು ಹೊಗಳಿ, “ಆ ಒಂದು ಕಾರ್ಬುರೇಟರಿಂದು ಬಿಟ್ರ” ಅಂದ. ಅದಕ್ಕೇ ಬರೆದಿಡುತ್ತಿದ್ದೇನೆ. ಸಾಹುಕಾರರು ಈಗಿಲ್ಲ. ಆ ಮಧ್ಯಾಹ್ನ ಅಲ್ಲಿದ್ದು, ಇನ್ನೂ ಬದುಕಿರುವವರಲ್ಲಿ ನನಗೆ ಗೊತ್ತಿರುವವರು ಇಷ್ಟು: ನಾನು, ಎದುರಿಗೆ ಚಹಾದಂಗಡಿ ಇಟ್ಟಿದ್ದು ಈಗ ಶಿರಹಟ್ಟಿಯಲ್ಲಿ ಮಗಳ ಮನೆಯಲ್ಲಿರುವ ಅಕ್ಕ, ಪಂಕ್ಚರ್ ತಿದ್ದುತ್ತಿದ್ದ ಕಳಸಾಪುರದವನು, ಮತ್ತು ಆ ಅಳಿಯ.