ಬೆನ್ನ ಹಿಂದೆ ನಿಂತು ‘ಕಾಣ್ತಿದೆ’ ಎಂದವರು

ನಮ್ಮ ಮಾವನವರ ಎಡಗಣ್ಣಿನ ಸುತ್ತ ಬಲಗಣ್ಣಿಗಿಂತ ಹೆಚ್ಚು ಸುಕ್ಕುಗಳಿದ್ದವು. ಜೀವಮಾನವಿಡೀ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಎಡಗಣ್ಣನ್ನು ಮುಚ್ಚಿ ಹಿಡಿದದ್ದರ ಗುರುತು ಅದು. ಕೈಯಲ್ಲಿ ಕ್ಯಾಮೆರಾ ಇಲ್ಲದಾಗಲೂ, ಯಾರಾದರೂ ಎದುರು ಬಂದರೆ ಆ ಕಣ್ಣು ತಾನಾಗಿ ಕಿರಿದಾಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ಅನುಮಾನದ ನೋಟ ಎಂದುಕೊಂಡು ಅಡುಗೆಮನೆ ಸೇರಿಕೊಳ್ಳುತ್ತಿದ್ದೆ. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಬೆಳಕನ್ನು ಎಂದು ಆಮೇಲೆ ತಿಳಿಯಿತು. “ಕಿಟಕಿ ಕಡೆ ತಿರುಕ್ಕೊಂಡು ಕೂತ್ಕೊಳಮ್ಮ, ಮುಖ ಚೆನ್ನಾಗಿ ಕಾಣ್ತದೆ” ಎಂದು ಕಾಫಿ ಕುಡಿಯಲು ಬಂದವರಿಗೂ ಹೇಳುತ್ತಿದ್ದರು.

ಚಿಂತಾಮಣಿಯ ಪೇಟೆಯಲ್ಲಿ ಅವರದೊಂದು ಚಿಕ್ಕ ಫೋಟೋ ಸ್ಟುಡಿಯೋ. ಅಪ್ಪನ ಮದುವೆಯ ಫೋಟೋ ತೆಗೆದವರೇ ಮಗಳ ಮದುವೆಗೂ ಬರಬೇಕು ಎನ್ನುವ ಮನೆಗಳು ಶಿಡ್ಲಘಟ್ಟದ ಕಡೆ, ಕೆಂಚಾರ್ಲಹಳ್ಳಿಯ ಕಡೆ ಬೇಕಾದಷ್ಟಿದ್ದವು. ಅಂಥವರೂ “ನಿಮ್ಮತ್ರ ಹೆಲಿಕ್ಯಾಮ್ ಇಲ್ವಾ?” ಎಂದು ಕೇಳಲು ಶುರುಮಾಡಿದಾಗ ಮಾವ ವಯಸ್ಸಾಯಿತೆಂದು ಕೈಕಟ್ಟಿ ಕೂರಲಿಲ್ಲ. ಕ್ಯಾಮೆರಾ ಹೊತ್ತು ಹಾರುವ ಡ್ರೋನ್ ಕೊಂಡುತಂದರು. ಅತ್ತೆ ಸುಮ್ಮನಿರುವವರೇ? “ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ಮಗ ಬಸ್ಸಲ್ಲಿ ಟಿಕೇಟ್ ಹರಿದು ಸಾಯ್ತಾನೆ, ಅಪ್ಪ ಆಕಾಶದಲ್ಲಿ ಆಟ ಆಡ್ತಾರೆ” ಎಂದು ವಾರವಿಡೀ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು. ಆ ಮಗ, ಅಂದರೆ ನನ್ನ ಗಂಡ, ಬಸ್ ಕಂಡಕ್ಟರ್. ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಜಾತಿ.

ಮಾವ ಕಲಿತದ್ದು ಒಂದು ಎಡವಟ್ಟಿನಿಂದ. ಯಾವುದೋ ಹಳ್ಳಿಯಲ್ಲಿ ಹೆಂಗಸರು ತಂಬಿಟ್ಟಿನ ದೀಪಗಳನ್ನು ತಲೆಯ ಮೇಲೆ ಹೊತ್ತು ದೇವರ ಗುಡಿಗೆ ಹೊರಟಿದ್ದರು. ಮೇಲಿನಿಂದ ದೀಪಗಳ ಸಾಲು ಚೆನ್ನಾಗಿ ಬರುತ್ತದೆಂದು ಇವರು ಡ್ರೋನನ್ನು ತೀರಾ ಕೆಳಗೆ ತಂದರು. ರೆಕ್ಕೆಯ ಗಾಳಿಗೆ ಮುಂದಿನ ಸಾಲಿನ ದೀಪಗಳೆಲ್ಲ ಆರಿಹೋದವು. ಗುಡಿ ತಲುಪುವ ಮುಂಚೆ ದೀಪ ಆರುವುದೆಂದರೆ ಸಾಮಾನ್ಯವೇ? ಒಬ್ಬಾಕೆ ಅಲ್ಲೇ ಅಳಲು ಶುರುಮಾಡಿದಳಂತೆ. ಮಾವ ಡ್ರೋನ್ ಇಳಿಸಿ, ಚಪ್ಪಲಿ ಬಿಟ್ಟು, ಬೆಂಕಿಪೊಟ್ಟಣ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತು “ತಪ್ಪಾಯ್ತು ತಾಯಿ” ಎನ್ನುತ್ತ ದೀಪ ಹಚ್ಚಿದರಂತೆ. ಆ ದಿನದಿಂದ ಅವರ ಮೊದಲ ನಿಯಮ: ಜನರ ನೆತ್ತಿಯ ಮೇಲೆ ಹಾರಿಸಕೂಡದು, ಪಕ್ಕದಿಂದ ನೋಡಬೇಕು, ದೀಪವಿದ್ದರೆ ಮೂರು ತೆಂಗಿನಮರದಷ್ಟು ಎತ್ತರ.

ನಾನು ಆ ಡ್ರೋನ್ ಮುಟ್ಟಿದ್ದು ನನ್ನ ಬದುಕಿನ ಅತಿ ಕೆಟ್ಟ ಕಾಲದಲ್ಲಿ. ತುಂಬು ಬಸುರಿಯಾಗಿ ಆಸ್ಪತ್ರೆಗೆ ಹೋದವಳು ಬರಿಗೈಯಲ್ಲಿ ವಾಪಸ್ ಬಂದೆ. ಮಗು ಅಳಲೇ ಇಲ್ಲ. ಬಂದವರೆಲ್ಲ “ಇನ್ನೊಂದಾಗುತ್ತೆ ಬಿಡು” ಎಂದರು. ಒಡೆದ ಲೋಟಕ್ಕೆ ಹೇಳುವ ಮಾತನ್ನು ಮಗುವಿಗೂ ಹೇಳುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವುದೊಂದೇ ನನ್ನ ಕೆಲಸವಾಯಿತು. ಮಾವ ಏನೂ ಹೇಳಲಿಲ್ಲ. ನಮ್ಮ ಮನೆಯ ಗಂಡಸರು ಕಾಫಿ ಸರಿಯಿಲ್ಲ ಎಂಬುದೊಂದನ್ನು ಬಿಟ್ಟು ಬೇರೆ ದುಃಖ ಹೇಳಿಕೊಂಡವರಲ್ಲ. ಒಂದು ದಿನ ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ನಿಂತು, “ಬಾರಮ್ಮ, ಬ್ಯಾಟರಿ ಹಿಡ್ಕೊಳೋಕೆ ಒಬ್ರು ಬೇಕು” ಎಂದರು. ಬ್ಯಾಟರಿ ಅವರ ಅಂಗಿಯ ಜೇಬಿನಲ್ಲಿ ಹಿಡಿಯುವಷ್ಟೇ ದೊಡ್ಡದು. ಆದರೂ ಎದ್ದು ಹೋದೆ.

ಊರಾಚೆಯ ಒಣಗಿದ ಕೆರೆಯಂಗಳ ನಮ್ಮ ಶಾಲೆ. “ಮೊದ್ಲು ಫೋಟೋ ಮರೆತ್ಬಿಡು. ಹಾರಿಸೋದು ಬಂದ್ರೆ ಫೋಟೋ ತಾನಾಗೇ ಬರ್ತದೆ” ಎಂದು ಎಷ್ಟೋ ದಿನ ಕ್ಯಾಮೆರಾ ಚಾಲೂ ಮಾಡಲೇ ಬಿಡಲಿಲ್ಲ. ಏರಿಸುವ ಮುಂಚೆ ರೆಕ್ಕೆಗಳ ಅಂಚನ್ನು ಹೆಬ್ಬೆರಳಿನಿಂದ ಸವರುವುದು, ಕೂದಲೆಳೆಯಷ್ಟು ಸೀಳಿದ್ದರೂ ಬದಲಾಯಿಸುವುದು. ದ್ರಾಕ್ಷಿ ಚಪ್ಪರದ ಪಕ್ಕದಿಂದ ಎಂದೂ ಏರಿಸಬಾರದು, ಅಲ್ಲಿನ ಕಬ್ಬಿಣದ ತಂತಿಗಳಿಂದ ಅದಕ್ಕೆ ದಿಕ್ಕು ತಪ್ಪುತ್ತದೆ. ಹದ್ದು ಸುತ್ತುತ್ತಿದ್ದರೆ ಆಕಾಶ ಅದರದ್ದು, ನಾವು ಕಾಯಬೇಕು. ವಿಮಾನ ನಿಲ್ದಾಣದ ಕಡೆ ಮ್ಯಾಪಿನಲ್ಲಿ ಹಾರಿಸಬಾರದೆಂದು ಕೆಂಪು ತೋರಿಸಿದರೆ ಬೀಗರೇ ಬಂದು ಕಾಲು ಹಿಡಿದರೂ ಇಲ್ಲ ಎನ್ನಬೇಕು.

ಡ್ರೋನ್ ನನ್ನ ಕಡೆ ಮುಖ ಮಾಡಿದಾಗ ಎಡಬಲ ಅದಲುಬದಲಾಗಿ ನಾನು ಕಂಗಾಲಾಗುತ್ತಿದ್ದೆ. ಮಾವ ನಕ್ಕರು. “ಧಾರೆಗೆ ಗಂಡು ಹೆಣ್ಣು ಎದುರುಬದುರು ನಿಂತಿರಲ್ವಾ? ಅವನ ಬಲ ಅವಳಿಗೆ ಎಡ. ಅದು ಅವನು, ನೀನು ಅವಳು. ನಿದಾನಂಗಾ ಅಮ್ಮಾ, ನಿದಾನಂಗಾ.” ಅವರಿಗೆ ಪ್ರೀತಿ ಉಕ್ಕಿದಾಗ ತೆಲುಗು ಬರುತ್ತಿತ್ತು. ದೂರ ಕಳಿಸುವ ಆಸೆ ನನಗೆ ಹುಟ್ಟಿದಾಗ ಮಾತ್ರ ಗಂಭೀರವಾದರು. “ಹೋಗೋದು ಸಲೀಸು ಕಣಮ್ಮ. ಎದುರುಗಾಳೀಲಿ ವಾಪಸ್ ಬರೋದೇ ಕಷ್ಟ. ಬರೋ ದಾರಿಗೆ ಬ್ಯಾಟರಿ ಮೊದ್ಲು ಎತ್ತಿಡು. ಮಿಕ್ಕಿದ್ದರಲ್ಲಿ ಹೋಗು.”

ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದು. ಹಾರಿಸುವವರ ಕಣ್ಣು ಸ್ಕ್ರೀನಿನ ಮೇಲೆ ಬೀಳುತ್ತಲೇ ಇರುತ್ತದೆ. ಆದ್ದರಿಂದ ಬೆನ್ನ ಹಿಂದೆ ಇನ್ನೊಬ್ಬರು ನಿಂತು ಆಕಾಶವನ್ನೇ ನೋಡುತ್ತ, ಬಿಟ್ಟುಬಿಟ್ಟು “ಕಾಣ್ತಿದೆ, ಕಾಣ್ತಿದೆ” ಎನ್ನುತ್ತಿರಬೇಕು. “ಮಾತು ನಿಂತ್ರೆ ಏನೂ ಕೇಳ್ಬೇಡ, ವಾಪಸ್ ಕರ್ಕೊಂಡ್ ಬಂದ್ಬಿಡು. ಹಿಂದೆ ತಿರುಗಿ ನನ್ನ ನೋಡ್ಲೂಬೇಡ” ಎನ್ನುತ್ತಿದ್ದರು. ಮದುವೆಗಳಿಗೆ ನಾನೇ ಹಾರಿಸಲು ಹೋಗತೊಡಗಿದ ಮೇಲೂ ಆ ದನಿ ಬೆನ್ನ ಹಿಂದೆ ಇರುತ್ತಿತ್ತು. ಅದು ಕೇಳುತ್ತಿರುವವರೆಗೆ ನನಗೆ ಯಾವ ಭಯವೂ ಇರಲಿಲ್ಲ. ತಲೆ ಎತ್ತಿ ನೋಡುವುದನ್ನು ನನ್ನ ಕುತ್ತಿಗೆ ಮತ್ತೆ ಕಲಿತದ್ದು ಆ ದನಿಯಿಂದ.

ಸಕ್ಕರೆ ಕಾಯಿಲೆ ಅವರಿಗೆ ಹಳೆಯದು. ಕನ್ನಡಕ ಮೇಲಿಂದ ಮೇಲೆ ಬದಲಾಗುತ್ತಿದ್ದುದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು. “ನಿನ್ನ ಕೈ ಪಳಗ್ಲಿ” ಎಂದು ಕ್ಯಾಮೆರಾವನ್ನೂ ನನಗೇ ಕೊಟ್ಟಾಗ ನಾನು ಹಿರಿಹಿರಿ ಹಿಗ್ಗಿದೆ, ಬೇರೇನೂ ಹೊಳೆಯಲಿಲ್ಲ.

ದಿಬ್ಬೂರಹಳ್ಳಿಯಲ್ಲಿ ಒಂದು ಮದುವೆ. ಚಪ್ಪರ ಹಾಕಿದ ಮನೆಯನ್ನೂ ಸುತ್ತಲಿನ ಹಿಪ್ಪುನೇರಳೆ ತೋಟವನ್ನೂ ಬೆಳಗಿನ ಬಿಸಿಲಿನಲ್ಲಿ ಹಿಡಿಯಬೇಕಿತ್ತು. ನಾನು ಹಾರಿಸುತ್ತಿದ್ದೆ, ಮಾವ ಹಿಂದೆ. ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಯಾರೋ ಕಳೆ ಕತ್ತರಿಸುವ ಮಿಷನ್ ಚಾಲೂ ಮಾಡಿದರು, ಅದರದ್ದೂ ಡ್ರೋನಿನಂಥದೇ ಗುಂಯ್ ಸದ್ದು. ಗಾಳಿ ಎದ್ದಿದ್ದರಿಂದ ನಾನು ಡ್ರೋನನ್ನು ಮೆಲ್ಲಗೆ ಕಾಲ ಬಳಿ ಇಳಿಸಿ ಆಫ್ ಮಾಡಿದೆ. ಇಳಿಸಿದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕೇಳಿಸಿತು.

“ಕಾಣ್ತಿದೆ.”

ತಿರುಗಿದೆ. ಮಾವ ಹಣೆಗೆ ಕೈ ಅಡ್ಡ ಹಿಡಿದು, ಆ ಮಿಷನ್ನಿನ ಸದ್ದು ಬರುತ್ತಿದ್ದ ಕಡೆಯ ಖಾಲಿ ಆಕಾಶಕ್ಕೆ ಮುಖವೆತ್ತಿ ನಿಂತಿದ್ದರು. ಎಡಗಣ್ಣು ಎಂದಿನಂತೆ ಕಿರಿದಾಗಿತ್ತು. “ಕಾಣ್ತಿದೆ ಅಮ್ಮ... ಕಾಣ್ತಿದೆ.”

ಲೋಕದ ಬೆಳಕನ್ನೆಲ್ಲ ಅಳೆದ ಕಣ್ಣು ಅದು. ಸತ್ಯ ಹೇಳಿದರೆ ನಾಳೆಯಿಂದ ಅವರು ಮನೆಯ ಮೂಲೆಯ ಕುರ್ಚಿಗೆ ಬೀಳುತ್ತಾರೆ ಎನ್ನಿಸಿತು. ಏನೂ ಹೇಳದೆ ಡ್ರೋನನ್ನು ಮತ್ತೆ ಚಾಲೂ ಮಾಡಿ, ಅವರ ಮುಖವಿದ್ದ ದಿಕ್ಕಿಗೆ ಏರಿಸಿದೆ. ಅವರ ಮಾತು ಸುಳ್ಳಾಗಬಾರದು ಎನ್ನುವುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಸ್ವಲ್ಪ ಹೊತ್ತಾದ ಮೇಲೆ “ಇಳಿಸ್ತೀನಿ ಮಾವ” ಎಂದೆ. “ಆಗ್ಲಮ್ಮ” ಎಂದರು.

ಆಮೇಲಿನ ಮದುವೆಗಳಲ್ಲೆಲ್ಲ ನನ್ನ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹಾರಿಸಿದೆ, ಸ್ಕ್ರೀನ್ ನೋಡುವುದನ್ನು ಆದಷ್ಟು ಕಮ್ಮಿ ಮಾಡಿದೆ. ಮಾವ ಹಿಂದೆ ನಿಂತು ಎಂದಿನಂತೆ ಹೇಳುತ್ತಲೇ ಇದ್ದರು. ನಾನು ಕೇಳುತ್ತಲೇ ಇದ್ದೆ.

ಕಾಯಿಲೆ ಮೂತ್ರಪಿಂಡಕ್ಕೆ ಇಳಿದು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮಲಗಿದಾಗ, ಅತ್ತೆ ಊಟಕ್ಕೆ ಹೋದ ಹೊತ್ತಿನಲ್ಲಿ ಮಾವ ನನ್ನ ಕೈ ತಡವಿ ಹಿಡಿದುಕೊಂಡು ಕೇಳಿದರು. “ಅವತ್ತು ದಿಬ್ಬೂರಹಳ್ಳೀಲಿ ಇಳಿಸಿದ್ದನ್ನ ಮತ್ತೆ ಏರಿಸ್ದೆ ಅಲ್ವೇನಮ್ಮ?”

“ನಿಮಗೆ ಹೇಗೆ ಗೊತ್ತಾಯ್ತು ಮಾವ?” ಎಂದೆ.

“ನೆಲದಿಂದ ಏಳೋ ಸದ್ದೇ ಬೇರೆ ಕಣಮ್ಮ. ಕಣ್ಣು ಹೋದ್ರೇನು, ಕಿವಿ ಇಲ್ವಾ?”

“ಗೊತ್ತಿದ್ದೂ ಯಾಕೆ ಮಾವ ಆಮೇಲೂ ಹೇಳ್ತಾನೇ ಇದ್ರಿ?”

“ನಾನು ಸುಮ್ನಾದ್ರೆ ನೀನು ಇಳಿಸ್ಬಿಡ್ತೀಯಲ್ಲ. ಮತ್ತೆ ಆ ಕೋಣೆಗೆ ಹೋಗಿ ಮಲ್ಕೊಂಡ್ಬಿಟ್ರೆ?” ಎಂದರು. ಸ್ವಲ್ಪ ಸುಧಾರಿಸಿಕೊಂಡು, “ಇನ್ಮೇಲೆ ಕಣ್ಣಿರೋರನ್ನ ನಿಲ್ಲಿಸ್ಕೊ. ತಪ್ಪಿಸ್ಬೇಡ” ಎಂದರು. ಅದೇ ವಾರ ಹೋಗಿಬಿಟ್ಟರು.

ತಿಥಿ ಮುಗಿದ ಮೇಲೆ ಒಂದು ಬೆಳಿಗ್ಗೆ ಡ್ರೋನ್ ಎತ್ತಿಕೊಂಡು ಕೆರೆಯಂಗಳಕ್ಕೆ ಹೋದೆ. ಅತ್ತೆ ತಡೆಯಲಿಲ್ಲ, ಬ್ಯಾಟರಿಗಳನ್ನು ತಾವೇ ಚಾರ್ಜಿಗೆ ಹಾಕಿಟ್ಟಿದ್ದರು. ರೆಕ್ಕೆಗಳನ್ನು ಹೆಬ್ಬೆರಳಿನಿಂದ ಸವರಿದೆ. ಗಾಳಿಯಿರಲಿಲ್ಲ, ಹದ್ದುಗಳಿರಲಿಲ್ಲ. ಮೂರು ತೆಂಗಿನಮರದಷ್ಟು ಎತ್ತರಕ್ಕೆ ಏರಿಸಿ ನಿಲ್ಲಿಸಿ, ಕಿವಿಗೊಟ್ಟು ಕಾದೆ.

ಹಿಂದಿನಿಂದ ಯಾರೂ ಏನೂ ಹೇಳಲಿಲ್ಲ.

ಮಾತು ನಿಂತರೆ ಏನು ಮಾಡಬೇಕೆಂದು ಅವರು ಹೇಳಿಕೊಟ್ಟಿದ್ದರಲ್ಲ. ಹಾಗೇ ಮಾಡಿದೆ, ನಿಧಾನವಾಗಿ ವಾಪಸ್ ಕರೆದುಕೊಂಡು ಬಂದೆ. ಅದು ನೆಲ ಮುಟ್ಟಿ ಸದ್ದು ಅಡಗಿದ ಮೇಲೂ ಬಹಳ ಹೊತ್ತು ನಾನು ಹಿಂದೆ ತಿರುಗಿ ನೋಡಲಿಲ್ಲ.