ಕಲ್ಲಂಗಡಿ ಲುವಾನನ ಶುದ್ಧ ಭಾಷೆ

ಬೆಟ್ಟದ ಮೇಲಿನ ನಮ್ಮ ಮಾವ್ರೊಲಿಥಿಯಲ್ಲಿ ಬೇಸಿಗೆ ಬಂತೆಂದರೆ ಧ್ವನಿವರ್ಧಕದಲ್ಲಿ ಮಾತಾಡುವವರು ಎರಡು ಬಗೆ. ಒಂದು, ನಾಳೆ ನೀರು ಬರುವುದಿಲ್ಲ ಎಂದು ಸಾರುವ ಪಂಚಾಯಿತಿಯವರು. ಇನ್ನೊಂದು, ಕೆಳಗಿನ ಬಯಲಿನಿಂದ ಗಾಡಿಯಲ್ಲಿ ಹಣ್ಣು ತುಂಬಿಕೊಂಡು ಬರುವವರು. ಮೊದಲನೆಯದು ಕಿವಿಗೆ ಬಿದ್ದರೆ ಹೆಂಗಸರು ಬಕೆಟ್ಟಿಗೆ ಓಡುತ್ತಾರೆ, ಎರಡನೆಯದು ಬಿದ್ದರೆ ಚೀಲಕ್ಕೆ. ಈ ವ್ಯತ್ಯಾಸ ನಮ್ಮೂರಿನ ಬೆಕ್ಕಿಗೂ ಗೊತ್ತು. ಲುವಾನನಿಗೆ ಗೊತ್ತಿರಲಿಲ್ಲ. ಅವನಿಗೆ ಭಾಷೆ ಕಲಿಸಿದ ಮೇಷ್ಟ್ರಿಗೆ ಗೊತ್ತಿರಬೇಕಿತ್ತು.

ಲುವಾನ್ ಬಂದದ್ದು ಗಡಿ ತೆರೆದ ಹೊಸತರಲ್ಲಿ, ಅಲ್ಬೇನಿಯದಿಂದ ಬೆಟ್ಟ ಹತ್ತಿಳಿದು. ಅಲ್ಲಿ ಸರಕಾರದ ಹೊಲಗಳಲ್ಲಿ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದನಂತೆ. ಇಲ್ಲಿ ನಮ್ಮ ಗೋಡೆ ಕಟ್ಟಿದ, ಆಲಿವ್ ಕಾಯಿ ಬಡಿದು ಉದುರಿಸಿದ, ಚರ್ಚಿನ ಹೆಂಚು ಬದಲಿಸಿದ. ನಮ್ಮವರು ಹೊಸಬರಿಗೆ ಕೂಲಿ ಕೊಡುವ ಮೊದಲು ಹೆಸರು ಕೊಡುತ್ತಾರೆ. ಲುವಾನ್ ಎಂದರೆ ಅವನ ಭಾಷೆಯಲ್ಲಿ ಸಿಂಹವೆಂದು ತಿಳಿದದ್ದೇ ತಡ, ಲಿಯೊನಿದಾಸ್ ಎಂದು ಕರೆದೆವು. ಅದೂ ಸಿಂಹದಿಂದಲೇ ಬಂದ, ಸ್ಪಾರ್ಟಾದ ರಾಜನ ಹೆಸರು. ಅಂಥ ರಾಜನೊಬ್ಬ ನಮ್ಮ ಮೇಕೆಗಳ ಕೊಟ್ಟಿಗೆಗೆ ಗಾರೆ ಬಳಿಯುವುದನ್ನು ನೋಡಿ ನಮ್ಮ ಘನತೆಯೂ ಒಂದು ಗೇಣು ಏರಿದಂತೆ ಅನ್ನಿಸುತ್ತಿತ್ತು.

ಆದರೆ ಆಗ ಎಂಥ ಕಾಲವೆಂದರೆ, ಎಲ್ಲಿ ಕೋಳಿ ಕಳುವಾದರೂ ಸಂಜೆಯ ಟೀವಿ ಅವನ ದೇಶದವರತ್ತ ಬೆರಳು ತೋರಿಸುತ್ತಿತ್ತು. ಸುಮ್ಮನಿದ್ದಷ್ಟು ಹೊತ್ತು ಲುವಾನ್ ನಮ್ಮವನಂತೆಯೇ ಕಾಣುತ್ತಿದ್ದ. ಬಾಯಿ ತೆರೆದನೆಂದರೆ ಪಕ್ಕದೂರುಗಳ ಅಂಗಡಿಯವರು ಅವನ ಕೈ ನೋಡುತ್ತಿದ್ದರು. ಹಾಗಾಗಿ ಅವನು ಆಲಿವ್ ಮರದ ಮೇಲೆ ಕೂತು ಜೇಬಿನ ರೇಡಿಯೊದ ವಾರ್ತೆಯನ್ನು ಗಟ್ಟಿಯಾಗಿ ಅನುಕರಿಸುತ್ತಿದ್ದ. ಕೆಳಗೆ ದಾರಿಯಲ್ಲಿ ಹೋಗುವವರಿಗೆ ಮರವೇ ಹಣಕಾಸು ಸಚಿವರ ಹೇಳಿಕೆ ಓದಿದಂತೆ ಕೇಳುತ್ತಿತ್ತು.

ಕಲ್ಲು ಹೊತ್ತು ಹೊತ್ತು ಬೆನ್ನು ಹೋದ ಮೇಲೆ, ಬಯಲಿನಲ್ಲಿದ್ದ ಅವನ ಚಿಕ್ಕಪ್ಪನ ಮಗ ಒಂದು ಹಳೆಯ ಮೋಟಾರು ಗಾಡಿಯನ್ನು ಒಪ್ಪಿಸಿ ಹೇಳಿದ: "ಬರೋ ಬೇಸಿಗೇಲಿ ನಮ್ಮ ಕಲ್ಲಂಗಡಿ ಮಾರಿ ನೋಡು. ಖರ್ಚಾದ್ರೆ ಗಾಡಿ ನಿನ್ನ ಹತ್ರಾನೇ ಇರ್ಲಿ. ಕೊಳೆತ್ರೆ ವಾಪಸ್ ತಂದುಬಿಡು."

ವಾಪಸು ಕೊಟ್ಟರೆ ಮತ್ತೆ ಕಲ್ಲು. ಬೆನ್ನು ಅದನ್ನು ತಾಳುವುದಿಲ್ಲವೆಂದು ಹೆಂಡತಿ ದ್ರಿತಾ ಕಡ್ಡಿ ಮುರಿದಂತೆ ಹೇಳಿದ್ದಳು. ಮಾರಬೇಕಾದರೆ ಜನ ಮನೆಯಿಂದ ಹೊರಗೆ ಬರಬೇಕು. ಗಾಡಿ ಕಾಣುವ ಮೊದಲೇ ದನಿ ಮನೆ ಹೊಕ್ಕಿರುತ್ತದೆ. ದನಿ ಪರದೇಶದ್ದಾದರೆ ಕಿಟಕಿಗಳು ಮುಚ್ಚುತ್ತವೆ. ಇಷ್ಟನ್ನು ಲೆಕ್ಕ ಹಾಕಿಯೇ ಲುವಾನ್ ಆ ಚಳಿಗಾಲದಲ್ಲಿ ಅರಿಸ್ತಾರ್ಖೋಸ್ ಮೇಷ್ಟ್ರ ಬಳಿ ಹೋದ.

ಮೇಷ್ಟ್ರು ನಿವೃತ್ತರಾಗಿದ್ದರು, ಅವರ ಬಾಯಿ ಆಗಿರಲಿಲ್ಲ. ಕಾಫಿ ಅಂಗಡಿಯಲ್ಲಿ ನಾವು ಒಂದು ಮಾತಾಡಿದರೆ ಅದನ್ನು ಒಗೆದು, ಇಸ್ತ್ರಿ ಮಾಡಿ ನಮಗೇ ವಾಪಸು ಕೊಡುತ್ತಿದ್ದರು. ಹಾಗಾಗಿ ಅವರ ಮೇಜಿಗೆ ಯಾರೂ ಕೂರುತ್ತಿರಲಿಲ್ಲ. ತಾನಾಗಿ ಬಂದು ಕೂತ ಶಿಷ್ಯನನ್ನು ಕಂಡು ಅವರಿಗೆ ಹತ್ತು ವರ್ಷ ಪ್ರಾಯ ಇಳಿಯಿತು.

"ಏನಂತ ಕೂಗ್ತೀಯೋ ಹೇಳು ನೋಡೋಣ," ಎಂದರು.

"ಕಲ್ಲಂಗಡೀ! ಚಾಕು ಹಾಕಿ ಕೊಡೋ ಕಲ್ಲಂಗಡೀ!" ಎಂದ ಲುವಾನ್. ನಮ್ಮ ಕಡೆ ಮಾರುವವರೆಲ್ಲ ಕೂಗುವುದೇ ಹಾಗೆ. ಚಾಕು ಹಾಕಿ ಒಂದು ಹೋಳು ತೆಗೆದು ಕೆಂಪು ತೋರಿಸಬೇಕು; ಬೆಳ್ಳಗಿದ್ದರೆ ಹಣ್ಣು ಮಾರುವವನಿಗೇ ವಾಪಸು.

"ಛೇ ಛೇ! ಚಾಕು ಅನ್ನೋ ಮಾತು ನಿನ್ನ ಬಾಯಲ್ಲಿ ಬೇಡ. ನಿಮ್ಮೋರು ಮೈಕಲ್ಲಿ ಚಾಕು ಅಂದ್ರೆ ಹೆಂಗಸ್ರು ಅಗಳಿ ಹಾಕ್ಕೊಳ್ತಾರೆ."

ಲುವಾನ್ ತಲೆ ತಗ್ಗಿಸಿ ಒಪ್ಪಿಕೊಂಡ. ಚಾಕು ಹೋಯಿತು, ಅದರ ಜಾಗಕ್ಕೆ ವ್ಯಾಕರಣ ಬಂತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಊರಿನ ತಿರುವಿನಲ್ಲಿ ದನಿ ಎದ್ದಿತು. "ಮಾವ್ರೊಲಿಥಿಯ ಸನ್ಮಾನ್ಯ ನಿವಾಸಿಗಳಲ್ಲಿ ವಿನಂತಿ. ಅತ್ಯುತ್ತಮ ಗುಣಮಟ್ಟದ ಕಲ್ಲಂಗಡಿ ಹಣ್ಣುಗಳು ತಮ್ಮ ಗ್ರಾಮಕ್ಕೆ ಆಗಮಿಸಿರುವುದನ್ನು ತಮ್ಮ ಗಮನಕ್ಕೆ ತರಲು ಹರ್ಷವೆನಿಸುತ್ತದೆ." ಒಂದು ಅಕ್ಷರ ಜಾರಲಿಲ್ಲ. ಮೈಕಿನ ಗುಂಡಿ ಕೆಟ್ಟಿದ್ದರಿಂದ ಅದನ್ನು ಟೇಪು ಸುತ್ತಿ ಒತ್ತಿಟ್ಟಿದ್ದ. ನಡುವೆ ಅವನು ಉಗುಳು ನುಂಗಿದ್ದೂ ಊರಿಗೆಲ್ಲ ಕೇಳಿಸಿತು.

ನನ್ನ ಹೆಂಡತಿ ವಸಿಲೊ 'ನಿವಾಸಿಗಳಲ್ಲಿ' ಎಂಬಲ್ಲಿಗೇ ಎದ್ದಿದ್ದಳು. "ಥನಾಸೀ, ನೀರು ನಿಲ್ಲಿಸ್ತಾರಂತೆ! ಕೂತಿದ್ದೀಯಲ್ಲ, ಆ ಡ್ರಮ್ಮು ಎಳಿ!"

ನಾನು ಡ್ರಮ್ಮು ಎಳೆದೆ. ಬೀದಿಯುದ್ದಕ್ಕೂ ನಲ್ಲಿಗಳು ಭೋರ್ಗರೆದವು. ಗಾಡಿ ಮೂರು ಸುತ್ತು ಹಾಕಿತು. ಪ್ರತಿ ಸುತ್ತಿಗೂ ಊರು ಇನ್ನಷ್ಟು ಪಾತ್ರೆ ತುಂಬಿಸಿಕೊಂಡಿತು. ಕಾಫಿ ಅಂಗಡಿಯ ಬಾಗಿಲಲ್ಲಿ ನಿಂತ ಮೇಷ್ಟ್ರ ಕಣ್ಣಲ್ಲಿ ನೀರು. "ಏನು ಉಚ್ಚಾರಣೆ! ಏನು ಸ್ಪಷ್ಟತೆ!" ಎನ್ನುತ್ತಿದ್ದರು.

ಹೊರಗೆ ಬಂದವಳು ಒಬ್ಬಳೇ, ಸ್ತಮಾತಿಯಾ ಅಜ್ಜಿ. ಪಂಚಾಯಿತಿಯವರನ್ನು ಬೈಯಲು ಬಂದವಳು, ಹಣ್ಣು ಕಂಡು ಒಂದನ್ನು ಹೊತ್ತುಕೊಂಡು ಹೋದಳು.

ಆ ಸಂಜೆ ಲುವಾನ್ ಕಾಫಿ ಅಂಗಡಿಯಲ್ಲಿ ನನ್ನ ಎದುರು ಕೂತು ಕೇಳಿದ, "ಥನಾಸಿ ಅಣ್ಣ, ನಿಜ ಹೇಳು. ಎಲ್ಲಿ ತಪ್ಪಿದೆ?"

"ಎಲ್ಲೂ ತಪ್ಪಿಲ್ಲ ಮಾರಾಯ," ಎಂದೆ. ಅದೇ ನಿಜವಾಗಿತ್ತು.

"ದ್ರಿತಾ ಹೇಳ್ತಾಳೆ, ಇಲ್ಲಿ ಹುಟ್ಟಿದೋರು ಯಾರೂ ಹಾಗೆ ಮಾತಾಡಲ್ಲ ಅಂತ."

ನಾನು ಕಾಫಿ ಕುಡಿದೆ. ತಾಲೂಕು ಕಚೇರಿಗೆ ಹೋದರೆ ನಾನೂ ನಾಲಿಗೆಗೆ ಟೈ ಕಟ್ಟಿಕೊಂಡೇ ಹೋಗುವವನು. ಅಲ್ಲಿಯ ಗುಮಾಸ್ತ ಮಾತ್ರ ಪ್ರತಿ ಸಲವೂ, "ಮೇಲಿನ ಊರಿನವ್ರಾ?" ಎಂದೇ ಶುರು ಮಾಡುತ್ತಾನೆ. ಎಲ್ಲಿಂದ ಗೊತ್ತಾಗುತ್ತದೋ ಅವನಿಗೆ! ಇದನ್ನು ಲುವಾನನಿಗೆ ಹೇಳಬಹುದಿತ್ತು. ಇಂಥದ್ದನ್ನೆಲ್ಲ ಯಾರು ಹೇಳಿಕೊಳ್ಳುತ್ತಾರೆ?

ಎರಡು ದಿನ ಬಿಟ್ಟು ಲುವಾನ್ ಮತ್ತೆ ಗಾಡಿ ತಂದ. ಬಿಸಿಲಿಗೆ ಗಾಡಿಯ ತಳದ ಹಣ್ಣುಗಳು ಮೆತ್ತಗಾಗತೊಡಗಿದ್ದವು. "ಸನ್ಮಾನ್ಯ" ಎನ್ನುವಷ್ಟರಲ್ಲಿ ಸ್ತಮಾತಿಯಾ ಅಜ್ಜಿ ಗಾಡಿಗೆ ಅಡ್ಡ ನಿಂತಳು. ಕೈಯಲ್ಲಿ ಒಡೆದ ಕಲ್ಲಂಗಡಿ. ಒಳಗೆ ಸುಣ್ಣ ಹೊಡೆದ ಗೋಡೆಯ ಹಾಗೆ ಬಿಳುಪು.

"ಏನೋ ಇದು? ಸೌತೆಕಾಯಾ?" ಅಜ್ಜಿಯ ದನಿ ಮೈಕಿನೊಳಗೆ ಹೊಕ್ಕು ಊರನ್ನೆಲ್ಲ ಸುತ್ತಿ ಬಂತು.

"ತಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ, ಮಾನ್ಯರೇ."

"ಮಾನ್ಯರೇ ಅಂತೆ! ನನ್ನನ್ನೇ ಅಣಕಿಸ್ತೀಯೇನೋ ಕತ್ತೆ? ಹೆಚ್ಚು ಕಮ್ಮಿ ಮಾತಾಡಿದ್ರೆ ಇದನ್ನ ನಿನ್ನ ಮಾನ್ಯ ಮುಖಕ್ಕೇ ಬಡೀತೀನಿ. ಚಾಕು ಎಲ್ಲಿ? ಚಾಕು ಹಾಕ್ದೆ ಹಣ್ಣು ಮಾರೋದನ್ನ ಯಾವ ಊರಲ್ಲಿ ಕಲಿತೆ?"

"ಆ ಪದ್ಧತಿಯನ್ನು..." ಎಂದ ಲುವಾನ್. ಅಲ್ಲಿಗೆ ಮೇಷ್ಟ್ರು ಕೊಟ್ಟ ದಾಸ್ತಾನು ಮುಗಿಯಿತು.

ಆಮೇಲೆ ಬಂದದ್ದು ಗೋಡೆ ಕಟ್ಟುವಾಗ ನಮ್ಮ ನಡುವೆ ಕಲಿತ ಭಾಷೆ. ಲಿಂಗ ಒಂದು ಕಡೆ, ವಚನ ಒಂದು ಕಡೆ, ಪ್ರತಿ ಅಕ್ಷರದ ಮೇಲೂ ಅವನ ಬೆಟ್ಟಗಳ ಭಾರ. "ಅಜ್ಜೀ! ನಾನೇನು ಹಣ್ಣಿನ ಹೊಟ್ಟೇಲಿ ಕೂತಿದ್ನಾ? ಒಂದು ಬಿಳಿ ಬಂತು ಅಂತ ನನ್ನ ಎಲ್ಲ ಹಣ್ಣೂ ಸತ್ತೋಯ್ತಾ? ಚಾಕು ಬೇಕಾ? ತಗೋ ಚಾಕು!"

ಸೀಟಿನ ಕೆಳಗಿಂದ ಚಾಕು ಎಳೆದ. ಅಷ್ಟು ಹೊತ್ತಿಗೆ ಊರೆಲ್ಲ ಬೀದಿಯಲ್ಲಿತ್ತು. ಜಗಳವನ್ನು ಮೈಕಿನಲ್ಲಿ ಕೇಳುವ ಭಾಗ್ಯ ನಮಗೆ ಅಲ್ಲಿಯವರೆಗೆ ಒದಗಿರಲಿಲ್ಲ. ಯಾರೂ ಅಗಳಿ ಹಾಕಿಕೊಳ್ಳಲಿಲ್ಲ. ಚಾಕು ಇಳಿಯಿತು, ಹೋಳು ಹೊರಬಂತು: ರಕ್ತಗೆಂಪು. ಇನ್ನೊಂದು: ಅದೂ ಕೆಂಪು.

"ಹಾಂ, ಇದು ಹಣ್ಣು," ಎಂದಳು ಅಜ್ಜಿ, ಹೋಳನ್ನು ಬಾಯಿಗಿಟ್ಟುಕೊಂಡೇ. "ಈಗ ಸರಿಯಾಗಿ ಮಾತಾಡ್ದೆ ನೋಡು. ನಮ್ಮೋರು ಇಟ್ಟ ಹೆಸರು ಬಿಡು, ನಿನ್ನ ಹೆತ್ತೋಳು ಏನಂತ ಕರೀತಾಳೋ?"

"ಲುವಾನ್."

"ಹಂಗಾದ್ರೆ ಲುವಾನಾ, ಎರಡು ಎತ್ಕೊಂಡು ಬಂದು ಮನೇಲಿಡು. ಬಿಳೀದಕ್ಕೆ ಒಂದು, ನಾನು ಬೈದು ಬೈದು ಸುಸ್ತಾದ್ದಕ್ಕೆ ಒಂದು."

ಮಧ್ಯಾಹ್ನಕ್ಕೆ ಗಾಡಿ ಖಾಲಿ. ಮೇಷ್ಟ್ರು ನನ್ನ ತೋಳು ಹಿಡಿದು, "ಕೇಳಿದ್ಯಾ, ಕ್ರಿಯಾಪದಗಳ ಗತಿ?" ಎಂದು ನರಳಿದರು. ನನಗೆ ಒಂದೂ ನೆನಪಿರಲಿಲ್ಲ. ನಾನು ಯಾವ ಹಣ್ಣು ಎತ್ತಿಕೊಳ್ಳಲಿ ಎಂದು ನೋಡುತ್ತಿದ್ದೆ.

ಗಾಡಿ ಲುವಾನನ ಬಳಿಯೇ ಉಳಿಯಿತು. ಹಾಗೆಂದು ಶುದ್ಧ ಭಾಷೆಯ ಹಟ ಪೂರ್ತಿ ಹೋಗಲಿಲ್ಲ. ಚಳಿಗಾಲದಲ್ಲಿ ಈಗಲೂ ಮೇಷ್ಟ್ರ ಮೇಜಿಗೇ ಕೂರುತ್ತಾನೆ. ಹೋಗದಿದ್ದರೆ ಮೇಷ್ಟ್ರು ಕೊರಗುತ್ತಾರೆ ಎನ್ನುತ್ತಾನೆ.

ಹೋದ ವರ್ಷ ಒಂದು ಸಂಜೆ ಅವನು ಕಾಫಿ ಅಂಗಡಿಗೆ ಮುಖ ಕೆಂಪಗೆ ಮಾಡಿಕೊಂಡು ಬಂದ. ಮೊದಲ ಸಲ ಕೆಳಗಿನ ಪಟ್ಟಣಕ್ಕೆ ಗಾಡಿ ಹೊಡೆದಿದ್ದನಂತೆ. ಬಾಲ್ಕನಿಯಲ್ಲಿ ನಿಂತ ಒಬ್ಬ ಹೆಂಗಸು ಅವನ ಕೂಗು ಕೇಳಿ ಬಿದ್ದು ಬಿದ್ದು ನಕ್ಕಳಂತೆ.

"ಏನಂದ್ಳು? ಅಲ್ಬೇನಿಯದವನು ಅಂದ್ಳಾ?" ಎಂದು ಕೇಳಿದೆ.

"ಅಲ್ಲ! 'ನೀನು ಮಾವ್ರೊಲಿಥಿಯೋನು ಅಲ್ವೇನಯ್ಯ? ಆ ಮೇಕೆ ಅರಚೋ ಹಂಗೆ ಎಳೆಯೋದು ಕೇಳಿದ್ರೇನೇ ಗೊತ್ತಾಗುತ್ತೆ' ಅಂದ್ಳು!"

ಅಂಗಡಿ ಎದ್ದು ನಿಂತಿತು. ಮೇಕೆ ಅಂತೆ! ಪಟ್ಟಣದವಳಿಗೆ ಎಷ್ಟು ಕೊಬ್ಬು! ನಮ್ಮ ಮಾತಿಗೇನಾಗಿದೆ? ಎಷ್ಟೋ ವರ್ಷ ಅದೇ ಮಾತನ್ನು ತಿದ್ದಿ ತಿದ್ದಿ ಸೋತ ಮೇಷ್ಟ್ರು ಕೂಡ ಮೇಜು ಗುದ್ದಿ, "ಅವಳಿಗೆ ನಮ್ಮ ಭಾಷೆಯ ಪ್ರಾಚೀನತೆ ಏನು ಗೊತ್ತು?" ಎಂದು ಗುಡುಗಿದರು.

ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದಿದ್ದದ್ದು ಲುವಾನನಿಗೆ. ಮರುದಿನವೇ ಅವನು ಮತ್ತೆ ಆ ಬೀದಿಗೆ ಹೋದ. ಆ ಬಾಲ್ಕನಿಯ ಕೆಳಗೇ ಗಾಡಿ ನಿಲ್ಲಿಸಿ, ಮೈಕು ಬಾಯಿಗೆ ಹಿಡಿದು, ಬೇಕೆಂದೇ 'ಕಲ್ಲಂಗಡೀ'ಯನ್ನು ಇನ್ನೂ ಉದ್ದಕ್ಕೆ ಎಳೆದನಂತೆ.